ಡ್ರೈವರ್ ಯಾರದ್ದು?

"ಮೋಡೆಮ್ ಕಿರುಚಿದ್ದನ್ನು ಬರೀ ಕಿವಿಯಲ್ಲಿ ಕೇಳಿ, ಕಾಫಿ ಆರುವುದರೊಳಗೆ ಡ್ರೈವರ್ ಬರೆದು ಬಿಸಾಕಿದೆ ಕಣ್ರೀ!" ಲಿನಕ್ಸ್ ಎಂಬ ಮುಕ್ತ ಕಂಪ್ಯೂಟರ್ ವ್ಯವಸ್ಥೆಯ ಬಳಗದ ಸಭೆಯಲ್ಲಿ ಪ್ರಾಣೇಶ ಚಾವಣಿ ಹಾರಿಹೋಗುವಂತೆ ಗುಡುಗಿದ. ಕಂಪ್ಯೂಟರನ್ನು ಫೋನಿನ ತಂತಿಗೆ ಜೋಡಿಸುವ, ಆದರೆ ಲಿನಕ್ಸಿನಲ್ಲಿ ಉಸಿರೇ ಎತ್ತದ ಆ ಅಗ್ಗದ ಮೋಡೆಮ್ಮಿನ ಗುಟ್ಟನ್ನು ಕಂಪನಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಈಗ ಅದನ್ನು ನಡೆಸುವ ಪ್ರೋಗ್ರಾಮಾದ ಡ್ರೈವರ್ ಅವನ ಹೆಸರಿನಲ್ಲಿ ಲೋಕಕ್ಕೆಲ್ಲ ಬಿಡುಗಡೆಯಾಗುವುದಿತ್ತು.

ಅದೇ ಬಳಗದ ವಾರಿಜಾ ಕುರ್ಚಿ ತಳ್ಳಿ ಎದ್ದಳು. "ಅದು ನನ್ನ ಕೋಡು. ಬಳಸಿಕೋ ಅಂತ ಕೊಟ್ಟೆ, ನನ್ನ ಹೆಸರು ಒರೆಸಿಹಾಕು ಅಂತಲ್ಲ!"

"ಹೊಟ್ಟೆಕಿಚ್ಚು ಕಣೇ ನಿಂಗೆ!" ಅವನು ಮೇಜು ಗುದ್ದಿದ. "ಒಂದೊಂದು ಸಾಲೂ ನನ್ನ ರಕ್ತ!"

"ಹೌದಾ? ಹಾಗಾದ್ರೆ ಫೋನಿನ ತಂತಿ ಸಿಕ್ಕಿಸಿ ಎಲ್ಲರೆದುರಿಗೂ ಓಡಿಸು."

ಪ್ರಾಣೇಶ ಧಿಮಾಕಿನಿಂದಲೇ ಸಿಕ್ಕಿಸಿದ. ಅವನು ನಂಬರು ಒತ್ತುವ ಮೊದಲೇ ಡ್ರೈವರ್, ಪರೀಕ್ಷೆಗೆಂದು ಕೋಡಿನೊಳಗೆ ಯಾರೋ ಬರೆದಿಟ್ಟಿದ್ದ ನಂಬರಿಗೆ ತಾನಾಗಿ ಕರೆ ಹಚ್ಚಿತು. ಮೋಡೆಮ್ಮಿನ ಸ್ಪೀಕರಿನಲ್ಲಿ ಹೆಂಗಸೊಬ್ಬರು ಸಿಡುಕಿದರು.

"ವಾರಿಜಾ, ಮತ್ತೆ ಶುರುವಾಯ್ತಾ ನಿನ್ನ ಮೋಡೆಮ್ ಪರೀಕ್ಷೆ? ಮನೆ ಫೋನಿನ ಪ್ರಾಣ ತಿನ್ನೋದು ಬಿಟ್ಟು ಊಟಕ್ಕೆ ಬಾರೇ!"

ಇಡೀ ಸಭೆ ಪ್ರಾಣೇಶನತ್ತ ತಿರುಗಿತು.

"ಹೂಂ, ಕದ್ದೆ," ಅವನು ತಂತಿ ಕಿತ್ತ. "ಅದರಲ್ಲಿ ನಾನು ಬರೆದದ್ದು ನನ್ನ ಹೆಸರಿನ ಸಾಲೊಂದೇ."