ಹಿರೇಕೆರೆಯ ಮೂಲ ಆಕರ

2094ರ ಮಾರ್ಚ್ 11, ಮಧ್ಯಾಹ್ನ 3 ಗಂಟೆ 20 ನಿಮಿಷ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನೀಲಾಂಬಿಕಾ ಶೀಷೆಯಲ್ಲಿದ್ದ ನಾಲ್ಕನೆಯ ಪ್ರಬಂಧವನ್ನು ಕುಡಿದು ಮುಗಿಸಿದಳು. ಅದು ಹಳಸಿದ ಅಂಬಲಿಯಂತೆ ನಾಲಿಗೆಗೆ ಅಂಟಿಕೊಂಡಿತು. ಕಣ್ಣು ಮುಚ್ಚಿದಾಗ, ಎಂದಿನಂತೆ, ಬರೆದವನು ಕೆಲಸ ಮಾಡುತ್ತಿದ್ದುದು ಕಾಣಿಸಿತು. ಅವನೂ ಕೆರೆಗೆ ಹೋಗಿರಲಿಲ್ಲ. ಇನ್ನೊಬ್ಬರ ಪ್ರಬಂಧ ಕುಡಿಯುತ್ತ ಕೂತಿದ್ದ.

ಹಿರೇಕೆರೆಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 0.8 ಮಿಲಿಗ್ರಾಂ ಎಂದು ಎಲ್ಲರೂ ಬರೆದಿದ್ದರು. 1.5 ದಾಟಿದರೆ ಹಲ್ಲಿಗೆ, ಮೂಳೆಗೆ ಅಪಾಯ. ಮೊದಲು ಅಳೆದವರು ಯಾರೆಂದು ತೋರಿಸದಿದ್ದರೆ ಗೈಡ್ ಅವಳ ಪ್ರಬಂಧ ಒಪ್ಪುತ್ತಿರಲಿಲ್ಲ. ನಾಳೆಯೇ ಕೊನೆಯ ದಿನ.

"ಗದಿಗೆಪ್ಪಣ್ಣಾರ, ಮೂಲದ್ದು ಕೊಡ್ರಿ."

ಗ್ರಂಥಪಾಲಕ ಗದಿಗೆಪ್ಪ ಧೂಳು ಹಿಡಿದ ಶೀಷೆ ತಂದ. "ಐವತ್ತು ವರ್ಷದ್ದೈತಿ ಅಕ್ಕಾರ. ಎಲ್ಲಾರೂ ಮ್ಯಾಲಿನ ಚೀಟಿ ನೋಡಿ ಬರಕೊಂಡು ಹೋಗ್ಯಾರ, ಇದರ ಮುಚ್ಚಳಾನೂ ಯಾರೂ ಬಿಚ್ಚಿಲ್ಲ ನೋಡ್ರಿ. ಮೂಗು ಹಿಡ್ಕೊಂಡು ಕುಡೀರಿ. ನೆಂಚಿಕೊಳ್ಳಾಕ ಉಪ್ಪಿನಕಾಯಿ ಕೊಡ್ಲೇನು?"

ಲೋಳೆಯಂಥ ಪ್ರಬಂಧ ಗಂಟಲಲ್ಲಿ ಜಾರಿತು. ಅವಳು ಕಣ್ಣು ಮುಚ್ಚಿದಳು. ಅತಿಥಿಗೃಹದ ಮಂಚದ ಮೇಲೆ ಒಬ್ಬ ಕಾಲು ಚಾಚಿ ಮಿರ್ಚಿ ಭಜಿ ತಿನ್ನುತ್ತಿದ್ದ. ಕಿಟಕಿಯಾಚೆ ಕೆರೆ ಹೊಳೆಯುತ್ತಿತ್ತು. ಅವನು ಏಳಲಿಲ್ಲ. ಎಣ್ಣೆಗೈಯನ್ನು ಚಾದರಕ್ಕೆ ಒರೆಸಿ 0.8 ಎಂದು ಬರೆದ.

ಅವಳು ಕಣ್ಣು ತೆರೆದು ಶೀಷೆಯನ್ನು ದೂರ ತಳ್ಳಿದಳು. "ಥೂ! ಈ ಮನಷ್ಯಾ ನೀರು ಅಳೆದೇ ಇಲ್ಲ!"

"ಬಾಯಿ ಮುಕ್ಕಳಿಸ್ರಿ," ಎಂದು ಗದಿಗೆಪ್ಪ ನಲ್ಲಿಯಿಂದ ಲೋಟ ತುಂಬಿ ಕೊಟ್ಟ. "ನಮ್ಮ ಹಿರೇಕೆರೀ ನೀರು. ಹುಟ್ಟಿದಾಗಿಂದ ಇದನ್ನ ಕುಡೀತೇವಿ."

ಅವನು ನಕ್ಕಾಗ ಹಲ್ಲುಗಳ ಮೇಲೆ ಕಂದು ಪಟ್ಟೆಗಳು ಕಂಡವು.

ಅವಳು ಲೋಟವನ್ನು ತುಟಿಗೆ ಒಯ್ಯಲಿಲ್ಲ. ತಾನೂ ಈವರೆಗೆ ಬಳಸದಿದ್ದ ಮಾಪಕವನ್ನು ಚೀಲದಿಂದ ತೆಗೆದು ನೀರಿನಲ್ಲಿ ಅದ್ದಿದಳು.

ಲೀಟರಿಗೆ 4.6 ಮಿಲಿಗ್ರಾಂ.