ತಾಯಿ ಅತ್ತ ಸಾಲು

ಸತ್ತವರಿಗೂ ಫೋನ್ ಸಂಪರ್ಕ ಸಿಕ್ಕ ಮೇಲೆ, ಮಂಗಳೂರಿನ ಹಿಲ್ಡಾ ಟೀಚರ್ ಲ್ಯಾಟಿನ್ ಮಹಾಕಾವ್ಯವೊಂದಕ್ಕೆ ಬರೆಯುತ್ತಿದ್ದ ವ್ಯಾಖ್ಯಾನ ಮುಂದೆ ಸಾಗಲೇ ಇಲ್ಲ. ಕವಿಯೇ ದಿನಾ ಫೋನ್ ಮಾಡಿ ತಿದ್ದುಪಡಿ ಹೇಳುತ್ತಿದ್ದ.

"ಮಗನ ಹೆಣದ ಮುಂದೆ ತಾಯಿ ಅಳುವ ಸಾಲು ತೆಗೆದುಬಿಡಿ," ಎಂದ ಇವತ್ತು.

"ಎಂತ ಮಾರಾಯ್ರೆ! ಎರಡು ಸಾವಿರ ವರ್ಷದಿಂದ ಜನ ಓದಿ ಕಣ್ಣೀರು ಹಾಕಿದ ಸಾಲು ಅದು!"

"ಅದರಲ್ಲಿರುವುದು ನನ್ನ ತಾಯಿ, ನನ್ನ ತಮ್ಮ. ತಾನು ಅಳಲೇ ಇಲ್ಲ ಅಂತ ಇಲ್ಲಿ ದಿನಾ ಜಗಳ ತೆಗೆಯುತ್ತಾಳೆ."

ಟೀಚರಿಗೆ ತಲೆ ಕೆಟ್ಟಿತು. "ಫೋನ್ ಅವರಿಗೆ ಕೊಟ್ಟು ನೀವು ಆಚೆ ಹೋಗಿ."

ಸ್ವಲ್ಪ ಹೊತ್ತಿಗೆ ಮುದುಕಿಯ ಪಿಸುದನಿ ಕೇಳಿಸಿತು.

"ಅತ್ತಿದ್ದೆ ಮಗಳೇ, ಬಾಗಿಲು ಹಾಕಿಕೊಂಡು. ಇವನು ಆಗ ಊರಲ್ಲೇ ಇರಲಿಲ್ಲ. ಇವನಿಗೆ ಹೇಗೆ ಗೊತ್ತಾಯಿತು?"

ಟೀಚರ ಸಿಟ್ಟು ಇಳಿಯಿತು.

"ಸಾಲು ಅಲ್ಲೇ ಇರಲಿ ಅಮ್ಮ. ನಿಮ್ಮ ಮಗನಿಗೆ ನಾನು ಎಂತದೂ ಹೇಳುವುದಿಲ್ಲ."