ಸುಣ್ಣದ ಗೆರೆ

ಆ ಊರಿನವರೆಲ್ಲ ಜೀವಂತ ದೇವದಾರು ಮರಗಳ ಪೊಟರೆಗಳಲ್ಲೇ ಸಂಸಾರ ಹೂಡಿದ್ದರು. ಮಣ್ಣಿನೊಳಗೆ ಮನೆಯಿಂದ ಮನೆಗೆ ಬೇರುಗಳು ಬೆಸೆದುಕೊಂಡು, ಒಂದರ ನೀರು ಇನ್ನೊಂದಕ್ಕೆ ಹರಿಯುತ್ತಿತ್ತು. ಕಸ್ತೂರೆವ್ವನ ಹೊಸ್ತಿಲ ಬುಡದಲ್ಲಿ ಜೇನುಬಣ್ಣದ ಅಣಬೆ ಎದ್ದಾಗ, ತನ್ನ ಮನೆಗೆ ಬೇರುಕೊಳೆ ತಗುಲಿತೆಂದು ಅವಳೇ ಓಣಿಗೆಲ್ಲ ಹೇಳಿಬಂದಳು. ಮುಚ್ಚಿಟ್ಟರೆ ರೋಗ ಬೇರಿನಿಂದ ಬೇರಿಗೆ ದಾಟಿ ಓಣಿಯನ್ನೇ ಉರುಳಿಸುತ್ತದೆ.

ರೂಢಿಯಂತೆ ಪಕ್ಕದ ಮನೆಯವರು ರೋಗದ ಮರದ ಸುತ್ತ ಸುಣ್ಣದ ಗೆರೆ ಎಳೆಯಬೇಕು. ಉಳಿದವರು ಅದರ ಗುಂಟ ಕಂದಕ ತೋಡಿ ಬೇರು ಕಡಿಯಬೇಕು. ಗೆರೆಯೊಳಗಿನ ಮರ ಒಂಟಿಯಾಗಿ ಬೇಗ ಒಣಗುತ್ತಿತ್ತು.

ಪಕ್ಕದ ದ್ಯಾಮಣ್ಣ ಸುಣ್ಣದ ಬುಟ್ಟಿ ಹಿಡಿದು ಬಂದ. ಕಸ್ತೂರೆವ್ವ ಗೋಡೆಗೆ ಕಿವಿಯಿಟ್ಟು, ಏರುವ ನೀರಿನ ಸದ್ದನ್ನು ಇದೇ ಕೊನೆಯೆಂದು ಕೇಳಿಸಿಕೊಂಡಳು. ಹೊರಗೆ ಬಂದು ನೋಡಿದರೆ ಗೆರೆ ಎರಡು ಮನೆಗಳ ನಡುವೆ ಇರಲೇ ಇಲ್ಲ. ಅದು ದ್ಯಾಮಣ್ಣನ ಮನೆಯನ್ನೂ ಸೇರಿಸಿಕೊಂಡು ಸುತ್ತು ಹಾಕಿತ್ತು.

“ಏ ದ್ಯಾಮಣ್ಣ, ಕಣ್ಣು ಕಾಣವಲ್ವೇನೋ ನಿನಗ? ನಿನ್ನ ಮನಿನೂ ಒಳಗ ಬಂತಲ್ಲೋ!”

“ಬರ್ಲಿ ಬಿಡ ಯಕ್ಕಾ,” ಎಂದ ಅವನು, ಕೈಗೆ ಮೆತ್ತಿದ ಸುಣ್ಣ ಕೊಡವುತ್ತ. “ನನ್ನ ಬೇರಿನ ನೀರು ಕುಡಕೊಂಡು ನಿನ್ನ ಮರ ಇನ್ನೊಂದಿಷ್ಟು ವರ್ಷ ನಿಂತೀತು.”

“ನಿನ್ನದಕ್ಕೂ ಕೊಳೆ ಹತ್ತಿದ್ರ?”

“ಹತ್ತಿದ್ರ ಇಬ್ಬರೂ ಕೂಡೇ ಹೊಸ ಮರ ಹುಡುಕೂಣು. ಬ್ಯಾರೆ ಯಾರಿಗೂ ನಿನ್ನ ಬಾಯಿ ತಡಕೊಳ್ಳಾಕ ಆಗೂದಿಲ್ಲ.”

ಓಣಿಯವರು ಗೆರೆ ನೋಡಿ, ಅದರ ಗುಂಟವೇ ಗುದ್ದಲಿ ಹಾಕಿದರು. ಸಂಜೆ ಕಂದಕ ಮುಗಿದಾಗ ಕಸ್ತೂರೆವ್ವ ಮತ್ತೆ ಗೋಡೆಗೆ ಕಿವಿಯಿಟ್ಟಳು. ನೀರು ಏರುತ್ತಲೇ ಇತ್ತು.